ಟು-ವೇಯೋ ತ್ರೀ-ವೇಯೋ: ಮೂತ್ರದ ಕ್ಯಾಥೆಟರ್ ಆರಿಸುವ ಮುನ್ನ

ಕ್ಯಾಥೆಟರ್ ಅಂದರೆ ಮೂತ್ರಕೋಶದಿಂದ ಮೂತ್ರ ಹೊರಗೆ ತರಲು ಹಾಕುವ ಟ್ಯೂಬು. ಅದರ ವಿಷಯ ಬಂದಾಗ ಜನ ಮೊದಲು ಕೇಳುವುದು ದಪ್ಪದ ನಂಬರು. 16 ಹಾಕಬೇಕಾ, 18 ಸಾಕಾ, 22 ಆದರೆ ಇನ್ನೂ ಒಳ್ಳೆಯದಾ? ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, ಆ ಟ್ಯೂಬಿನಿಂದ ಹೊರಗೆ ಬರಬೇಕಾದ್ದು ಏನು ಅಂತ. ತಿಳಿಯಾದ ಮೂತ್ರವಾ? ಲೋಳೆ, ಮರಳಿನಂಥ ಕಸ ಸೇರಿದ ಮೂತ್ರವಾ? ಅಥವಾ ರಕ್ತ, ರಕ್ತದ ಗಡ್ಡೆಗಳಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಅಲ್ಲೇ ಮುಗಿದ ಹಾಗೆ.

ಯಾವುದು ಹಾಕಬೇಕು ಅಂತ ಕೊನೆಗೆ ಹೇಳುವವರು ಡಾಕ್ಟರು, ಯೂರಾಲಜಿ ನರ್ಸು. ಆದರೂ ಟ್ಯೂಬಿನ ಜೊತೆ ದಿನವಿಡೀ ಇರುವವರು ರೋಗಿ ಮತ್ತು ಮನೆಯವರು. ಯಾವುದಕ್ಕೆ ಯಾವುದು, ಯಾಕೆ ಅಂತ ಗೊತ್ತಿದ್ದರೆ ಡಾಕ್ಟರು, ನರ್ಸುಗಳ ಜೊತೆ ಮಾತಾಡುವುದು ಸುಲಭ.

ಒಳಗೆ ಎಷ್ಟು ದಾರಿ

ಸಾಮಾನ್ಯವಾಗಿ ಎಲ್ಲೆಡೆ ಕಾಣುವುದು ಫೋಲಿ ಕ್ಯಾಥೆಟರ್. ಅಮೆರಿಕದ ಯೂರಾಲಜಿಸ್ಟ್ ಫ್ರೆಡರಿಕ್ ಫೋಲಿ ಅವರ ಹೆಸರು ಅದಕ್ಕೆ ನಿಂತಿದೆ. ತುದಿಯ ಹತ್ತಿರ ಒಂದು ಬಲೂನು, ಆ ಬಲೂನು ಮೂತ್ರಕೋಶದ ಒಳಗೆ ಉಬ್ಬಿ ಟ್ಯೂಬು ಜಾರಿ ಹೊರಗೆ ಬರದ ಹಾಗೆ ಹಿಡಿದುಕೊಳ್ಳುತ್ತದೆ. 1930ರ ದಶಕದಲ್ಲಿ ಬಂದ ಈ ಉಪಾಯ ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ.

ಟು-ವೇ ಫೋಲಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಎರಡು ರಂಧ್ರ ಕಾಣುತ್ತವೆ. ಒಂದು ದೊಡ್ಡದು, ಮೂತ್ರ ಬರುವ ದಾರಿ. ಇನ್ನೊಂದು ಗೋಡೆಯಲ್ಲೇ ಸೂಜಿ ಚುಚ್ಚಿದ ಹಾಗೆ ಕಾಣುವ ಸಣ್ಣದು, ಬಲೂನಿಗೆ ನೀರು ತುಂಬುವ ದಾರಿ. ತ್ರೀ-ವೇ ಕತ್ತರಿಸಿದರೆ ಮೂರು. ಮೂರನೆಯದು ಮೂತ್ರಕೋಶ ತೊಳೆಯುವ ಸಲೈನ್ (ಉಪ್ಪುನೀರು) ಒಳಗೆ ಹೋಗುವ ದಾರಿ. ಹೊರಗಿನ ಕಡೆ ನೋಡಿದರೂ ಗೊತ್ತಾಗುತ್ತದೆ: ಟು-ವೇಗೆ ಎರಡು ಕವಲು, ತ್ರೀ-ವೇಗೆ ಮೂರು.

ಈಗ ಆ ಕತ್ತರಿಸಿದ ಎರಡು ತುಂಡುಗಳನ್ನು, ಎರಡೂ ಒಂದೇ ನಂಬರಿನವು ಅಂದುಕೊಳ್ಳಿ, ಪಕ್ಕಪಕ್ಕ ಇಟ್ಟು ನೋಡಿ. ತ್ರೀ-ವೇಯಲ್ಲಿ ಮೂತ್ರ ಬರುವ ರಂಧ್ರ ಚಿಕ್ಕದಾಗಿರುತ್ತದೆ. ಮೂರನೇ ದಾರಿಗೆ ಜಾಗ ಬೇಕಲ್ವಾ, ಅದನ್ನು ಮೊದಲನೆಯದರಿಂದಲೇ ಕಿತ್ತುಕೊಳ್ಳಬೇಕು. ಅದಕ್ಕೇ ತ್ರೀ-ವೇಯನ್ನು ‘ಒಂದು ಸೌಲಭ್ಯ ಜಾಸ್ತಿ ಇರುವ ಟು-ವೇ’ ಅಂದುಕೊಳ್ಳಬೇಡಿ. ಸಲೈನ್ ಹಾಯಿಸುವ ಕೆಲಸ ಇಲ್ಲದಿದ್ದರೆ ಅದು ಅದೇ ದಪ್ಪದ, ಕಡಿಮೆ ಹರಿವಿನ ಟ್ಯೂಬು ಅಷ್ಟೇ. ‘ಮುಂದೆ ಬೇಕಾದರೆ ಇರಲಿ’ ಅಂತ ಸುಮ್ನೆ ತ್ರೀ-ವೇ ಹಾಕಿಸಿಕೊಂಡರೆ ದಪ್ಪ ಟ್ಯೂಬಿನ ಕಿರಿಕಿರಿ ಮಾತ್ರ ಸಿಗುತ್ತದೆ.

ನಂಬರು ಹೇಳುವುದೇನು

ಪೊಟ್ಟಣದ ಮೇಲೆ ಎಫ್ಆರ್ (ಫ್ರೆಂಚ್) ಅಥವಾ ಸಿಎಚ್ (ಶಾರಿಯೇರ್) ಅಂತ ಇರುತ್ತದೆ. ಎರಡೂ ಒಂದೇ ಅಳತೆ. 19ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ಮಾಡುತ್ತಿದ್ದ ಶಾರಿಯೇರ್ ಎಂಬಾತನ ಲೆಕ್ಕ ಇದು. ನಂಬರನ್ನು 3ರಿಂದ ಭಾಗಿಸಿದರೆ ಟ್ಯೂಬಿನ ಹೊರಗಿನ ಅಗಲ ಮಿಲಿಮೀಟರಿನಲ್ಲಿ ಸಿಗುತ್ತದೆ. 18 ಅಂದರೆ 6 ಮಿ.ಮೀ., 24 ಅಂದರೆ 8 ಮಿ.ಮೀ.

ಹೊರಗಿನ ಅಗಲ ಅನ್ನುವುದನ್ನು ಗಮನಿಸಿ. ಒಳಗಿನ ರಂಧ್ರ ಎಷ್ಟು ಅಂತ ನಂಬರು ಹೇಳುವುದಿಲ್ಲ. ಹರಿವು ನಿಂತಿರುವುದು ಮಾತ್ರ ಒಳಗಿನ ರಂಧ್ರದ ಮೇಲೆ. ಅದೂ ಎಷ್ಟು ಅಂದರೆ, ಉದ್ದ ಮತ್ತು ಒತ್ತಡ ಅಷ್ಟೇ ಇದ್ದು ರಂಧ್ರದ ಅಗಲ ಅರ್ಧಕ್ಕೆ ಇಳಿದರೆ ಹರಿವು ಸುಮಾರು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಗೋಡೆ ಎಷ್ಟು ದಪ್ಪ, ಒಳಗೆ ಎಷ್ಟು ದಾರಿ ಅನ್ನುವುದು ಸಣ್ಣ ವಿಷಯವಲ್ಲ.

ಹಾಗಾದರೆ ಎಲ್ಲರಿಗೂ ದಪ್ಪದ್ದನ್ನೇ ಹಾಕಬಹುದಲ್ಲ ಅಂತ ಅನ್ನಿಸಬಹುದು. ಬೇಡ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಒಂದೂವರೆ, ಎರಡು ಲೀಟರ್ ಮೂತ್ರ ಬರುತ್ತದೆ. ಗಂಟೆಗೆ ಹಂಚಿದರೆ 60ರಿಂದ 80 ಮಿ.ಲೀ. ಅಷ್ಟನ್ನು ಹೊರಗೆ ಬಿಡಲು 12 ಅಥವಾ 14ರ ಟ್ಯೂಬು ಆರಾಮವಾಗಿ ಸಾಕು. ದಪ್ಪ ಟ್ಯೂಬು ಮೂತ್ರನಾಳದ ಒಳಗೋಡೆಯನ್ನು ಒತ್ತುತ್ತದೆ. ಅಲ್ಲಿನ ಸಣ್ಣ ಗ್ರಂಥಿಗಳ ಬಾಯಿ ಮುಚ್ಚುತ್ತದೆ. ಗಾಯ, ಸೋಂಕು, ಮುಂದೆ ನಾಳ ಕಿರಿದಾಗುವುದು, ಇವೆಲ್ಲ ಅಲ್ಲಿಂದ ಶುರು. ತಿಳಿ ಮೂತ್ರಕ್ಕೆ ಕೆಲಸ ನಡೆಸುವ ಅತಿ ಸಣ್ಣ ಸೈಜು. ಹೆಂಗಸರಿಗೆ ಹೆಚ್ಚಾಗಿ 12–14, ಗಂಡಸರಿಗೆ 12–16. ಕಸ, ಲೋಳೆ ಇದ್ದರೆ 16–18. ಗಡ್ಡೆ ಇದ್ದರೆ 20ರಿಂದ 24. ಗಡ್ಡೆ ಇರುವಾಗ ಮಾತ್ರ ‘ದೊಡ್ಡದೇ ಇರಲಿ’ ಅನ್ನುವ ಮಾತು ಸರಿ.

ಇಲ್ಲೊಂದು ತಪ್ಪು ಎಲ್ಲಾ ಕಡೆ ನಡೆಯುತ್ತದೆ. ಟ್ಯೂಬಿನ ಪಕ್ಕದಿಂದ ಮೂತ್ರ ಸೋರಿದರೆ ‘ಟ್ಯೂಬು ಸಣ್ಣದಾಯಿತು, ದಪ್ಪದ್ದು ಹಾಕಿ’ ಅನ್ನುತ್ತಾರೆ. ಸೋರುವುದಕ್ಕೆ ಕಾರಣ ಹೆಚ್ಚಾಗಿ ಬೇರೆ ಇರುತ್ತದೆ. ಟ್ಯೂಬು ಬ್ಲಾಕ್ ಆಗಿರುತ್ತದೆ, ಮಡಚಿಕೊಂಡಿರುತ್ತದೆ, ಮಲಬದ್ಧತೆ ಇರುತ್ತದೆ, ಇಲ್ಲವೇ ಬಲೂನು ಮತ್ತು ಟ್ಯೂಬು ಕೆರಳಿಸಿದ್ದರಿಂದ ಮೂತ್ರಕೋಶ ಹಿಂಡಿಕೊಳ್ಳುತ್ತಿರುತ್ತದೆ. ಹಿಂಡುತ್ತಿರುವ ಮೂತ್ರಕೋಶಕ್ಕೆ ಇನ್ನೂ ದಪ್ಪದ್ದು ಹಾಕಿದರೆ ಅದು ಇನ್ನೂ ಜಾಸ್ತಿ ಹಿಂಡುತ್ತದೆ. ಎಷ್ಟೋ ಸಲ ಸಣ್ಣ ಟ್ಯೂಬು, ಸಣ್ಣ ಬಲೂನಿಗೆ ಇಳಿದಾಗ ಸೋರುವುದು ನಿಲ್ಲುತ್ತದೆ.

ತೊಳೆಯುವ ಕೆಲಸ: ಯಾವಾಗ, ಯಾವುದರಿಂದ

ಮೂತ್ರಕೋಶ ತೊಳೆಯುವುದು ಅಂದರೆ ಎಲ್ಲವೂ ಒಂದೇ ಅಲ್ಲ. ಒಂದು, ತ್ರೀ-ವೇ ಮೂಲಕ ಸಲೈನ್ ನಿಲ್ಲದೆ ಹಾಯುತ್ತಿರುವುದು. ಇನ್ನೊಂದು, ದೊಡ್ಡ ಸಿರಿಂಜ್ ಹಿಡಿದು ಕೈಯಿಂದ ಸಲೈನ್ ಹಾಕಿ ಎಳೆಯುವುದು. ಮೂರನೆಯದು, ತಿಂಗಳುಗಟ್ಟಲೆ ಟ್ಯೂಬು ಇರುವವರಿಗೆ ಆಗಾಗ ಸ್ವಲ್ಪ ದ್ರಾವಣ ಬಿಡುವುದು. ಮೂರಕ್ಕೂ ಉದ್ದೇಶ ಬೇರೆ, ಟ್ಯೂಬೂ ಬೇರೆ.

ಮೊದಲನೆಯದು ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಆಪರೇಷನ್ ಆದವರ ವಾರ್ಡಿನಲ್ಲಿ ಕಾಣುವ ದೃಶ್ಯ. ಕಂಬದ ಮೇಲೆ 3 ಲೀಟರ್ ಸಲೈನ್ ಚೀಲ, ಕೆಲವೊಮ್ಮೆ ಎರಡು. ಅಲ್ಲಿಂದ ಇಳಿದ ಪೈಪು ತ್ರೀ-ವೇಯ ಒಂದು ಕವಲಿಗೆ. ಇನ್ನೊಂದು ಕವಲಿನಿಂದ ಹೊರಬಂದದ್ದು ಕೆಳಗಿನ ದೊಡ್ಡ ಬ್ಯಾಗಿಗೆ. ನರ್ಸು ಬಂದು ಮೊದಲು ನೋಡುವುದು ಆ ಹೊರಬರುವ ಪೈಪಿನ ಬಣ್ಣ. ಕಡು ಕೆಂಪಾದರೆ ಸಲೈನ್ ಪೈಪಿನ ರೋಲರ್ ಕ್ಲಾಂಪ್ ಸ್ವಲ್ಪ ಸಡಿಲ ಮಾಡಿ ಹರಿವು ಜಾಸ್ತಿ ಮಾಡುತ್ತಾರೆ. ತಿಳಿ ಗುಲಾಬಿಗೆ ಬಂದರೆ ಹಾಗೇ ಬಿಡುತ್ತಾರೆ, ಪೂರ್ತಿ ತಿಳಿಯಾದರೆ ಕಡಿಮೆ ಮಾಡುತ್ತಾರೆ. ಇಷ್ಟು ಹನಿಗೆ ಇಷ್ಟು ನಿಮಿಷ ಅಂತ ಕಟ್ಟುನಿಟ್ಟಿನ ಲೆಕ್ಕ ಇಲ್ಲ, ಬಣ್ಣವೇ ಲೆಕ್ಕ. ಪಂಪು ಹಾಕುವುದಿಲ್ಲ, ಎತ್ತರದಿಂದ ತಾನಾಗಿ ಇಳಿಯಬೇಕು. ಹೊರಗಿನ ದಾರಿ ಮುಚ್ಚಿದಾಗ ಪಂಪು ತಳ್ಳುತ್ತಲೇ ಇದ್ದರೆ ಮೂತ್ರಕೋಶಕ್ಕೆ ಅಪಾಯ.

ಇಲ್ಲಿ ಸಾದಾ ನೀರು ಬಳಸುವುದಿಲ್ಲ. ಗಾಯವಾದ ಜಾಗದಿಂದ ನೀರು ರಕ್ತಕ್ಕೆ ಸೇರಿದರೆ ರಕ್ತದ ಸೋಡಿಯಂ ಇಳಿಯುತ್ತದೆ, ಕೆಂಪು ರಕ್ತಕಣಗಳು ಒಡೆಯುತ್ತವೆ. 0.9% ಸಲೈನ್ ರಕ್ತಕ್ಕೆ ಹೊಂದುವ ಉಪ್ಪಿನಂಶದ್ದು.

ಲೆಕ್ಕ ಇಡುವುದೂ ಇದರ ಭಾಗ. 6 ಲೀಟರ್ ಒಳಗೆ ಹೋಗಿ ಬ್ಯಾಗಿನಲ್ಲಿ 7,400 ಮಿ.ಲೀ. ಬಂದಿದ್ದರೆ ನಿಜವಾದ ಮೂತ್ರ 1,400 ಮಿ.ಲೀ. ಅದೇ 6 ಲೀಟರ್ ಹೋಗಿ 5,500 ಮಾತ್ರ ಬಂದಿದ್ದರೆ ಉಳಿದದ್ದು ಎಲ್ಲೋ ಕೂತಿದೆ. ಗಡ್ಡೆ ಕಟ್ಟಿ ದಾರಿ ಮುಚ್ಚಿರಬಹುದು. ಹೊಟ್ಟೆಯ ಕೆಳಭಾಗ ಬಿಗಿದು ಉಬ್ಬುತ್ತದೆ, ರೋಗಿಗೆ ತಡೆಯಲಾರದ ಒತ್ತಡ ಬರುತ್ತದೆ. ಆಗ ಮೊದಲ ಕೆಲಸ ಒಳಗೆ ಹೋಗುವ ಸಲೈನ್ ನಿಲ್ಲಿಸುವುದು. ಆಮೇಲೆ ಪೈಪು ಮಡಚಿದೆಯಾ ನೋಡುವುದು, ಕೈಯಿಂದ ತೊಳೆಯುವುದು. ‘ಬ್ಲಾಕ್ ಆಗಿದೆ, ಹರಿವು ಜಾಸ್ತಿ ಮಾಡಿದರೆ ತಳ್ಳಿಕೊಂಡು ಹೋಗುತ್ತೆ’ ಅಂತ ಕ್ಲಾಂಪ್ ಬಿಚ್ಚಿದರೆ ಪರಿಸ್ಥಿತಿ ಕೆಡುತ್ತದೆ. ಪಕ್ಕದಲ್ಲಿ ಕೂತ ಮನೆಯವರು ಬ್ಯಾಗು ತುಂಬುತ್ತಿದೆಯಾ ಅಂತ ಕಣ್ಣಿಟ್ಟು, ನಿಂತ ಕೂಡಲೇ ಕೂಗಿ ಹೇಳಿದರೆ ಅದೇ ದೊಡ್ಡ ಸಹಾಯ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಹನಿಯುತ್ತಿರುವ ಸಲೈನ್ ಆಗಲೇ ಕಟ್ಟಿಕೊಂಡ ಗಡ್ಡೆಯನ್ನು ಕರಗಿಸುವುದಿಲ್ಲ. ಹೊಸದಾಗಿ ಬರುತ್ತಿರುವ ರಕ್ತವನ್ನು ತೆಳು ಮಾಡಿ, ಗಡ್ಡೆ ಕಟ್ಟುವ ಮೊದಲೇ ಹೊರಗೆ ಸಾಗಿಸುತ್ತದೆ, ಅಷ್ಟೇ ಅದರ ಕೆಲಸ. ಒಳಗೆ ಗಡ್ಡೆ ತುಂಬಿರುವವರಿಗೆ ಮೊದಲು ಸಿರಿಂಜಿನಿಂದ ಎಳೆದು ತೆಗೆಯಬೇಕು. ತುದಿ ಅಗಲ ಇರುವ 50–60 ಮಿ.ಲೀ. ಸಿರಿಂಜ್, ಹಾಕುವುದು, ಎಳೆಯುವುದು, ಮತ್ತೆ ಹಾಕುವುದು. ಎಳೆದಾಗ ಕಂದು ಚೂರುಗಳು ಬರುವುದು ನಿಲ್ಲುವ ತನಕ. ಆಮೇಲೆ ಹನಿ ಶುರು.

ಈ ಎಳೆಯುವ ಕೆಲಸಕ್ಕೆ ಯಾವ ಟ್ಯೂಬು ಒಳ್ಳೆಯದು ಅನ್ನುವಲ್ಲಿ ಅಭಿಪ್ರಾಯ ಎರಡಿದೆ. 22ರ ತ್ರೀ-ವೇ ಹಾಕಿದರೆ ಎಳೆದ ಮೇಲೆ ಅದರಲ್ಲೇ ಹನಿ ಶುರು ಮಾಡಬಹುದು, ಎರಡು ಸಲ ಟ್ಯೂಬು ಹಾಕುವ ಹಿಂಸೆ ಇಲ್ಲ. 22ರ ಟು-ವೇ ಆದರೆ ರಂಧ್ರ ದೊಡ್ಡದು, ಗಡ್ಡೆ ಬೇಗ ಬರುತ್ತದೆ. ರಕ್ತ ಇನ್ನೂ ಬರುತ್ತಿದ್ದರೆ ತ್ರೀ-ವೇ ಸರಿ ಅಂತ ನನಗನ್ನಿಸುತ್ತದೆ. ಹಳೆಯ ಗಡ್ಡೆ ಮಾತ್ರ ಉಳಿದು ರಕ್ತ ನಿಂತಿದ್ದರೆ ದೊಡ್ಡ ಟು-ವೇ ಸಾಕು. ಎರಡರಲ್ಲೂ ಮೆತ್ತನೆಯ ಲ್ಯಾಟೆಕ್ಸ್ (ರಬ್ಬರು) ಬೇಡ. ಸಿರಿಂಜ್ ಎಳೆದಾಗ ಅದರ ಗೋಡೆ ಒಳಕ್ಕೆ ಕುಸಿದು ದಾರಿ ತಾನೇ ಮುಚ್ಚಿಕೊಳ್ಳುತ್ತದೆ. ಗಟ್ಟಿ ಸಿಲಿಕೋನ್, ಅಥವಾ ಗೋಡೆಯಲ್ಲಿ ಸುರುಳಿ ಕೂರಿಸಿ ಗಟ್ಟಿ ಮಾಡಿದ ತ್ರೀ-ವೇ ಇದಕ್ಕೆ ಒಳ್ಳೆಯದು.

ಇನ್ನು ಮನೆಯಲ್ಲಿ ತಿಂಗಳುಗಟ್ಟಲೆ ಟ್ಯೂಬು ಇರುವವರು. ‘ವಾರಕ್ಕೊಮ್ಮೆ ತೊಳೆದರೆ ಸೋಂಕು ಬರಲ್ಲ’ ಅನ್ನುವ ನಂಬಿಕೆ ಗಟ್ಟಿಯಾಗಿದೆ. ಅದಕ್ಕೆ ಆಧಾರ ಇಲ್ಲ. ತೊಳೆಯಲು ಟ್ಯೂಬು–ಬ್ಯಾಗಿನ ಜೋಡಣೆ ಬಿಚ್ಚಬೇಕು, ಬಿಚ್ಚಿದಾಗಲೆಲ್ಲ ಕ್ರಿಮಿಗಳಿಗೆ ಬಾಗಿಲು ತೆರೆದ ಹಾಗೆ. ಸೋಂಕು ತಡೆಯಲು ಆಂಟಿಬಯಾಟಿಕ್ ಬೆರೆಸಿ ದಿನವೂ ತೊಳೆಯುವುದನ್ನೂ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2009ರ ಮಾರ್ಗಸೂಚಿ ಒಪ್ಪುವುದಿಲ್ಲ.

ಪದೇಪದೇ ಬ್ಲಾಕ್ ಆಗುವವರ ಕಥೆ ಬೇರೆ. ಅವರಲ್ಲಿ ಹೆಚ್ಚಾಗಿ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತದೆ. ಅದು ಮೂತ್ರದ ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗುತ್ತದೆ, ಉಪ್ಪುಗಳು ಹರಳುಗಟ್ಟಿ ಟ್ಯೂಬಿನ ಒಳಗೆ ಸುಣ್ಣದ ಹಾಗೆ ಕೂರುತ್ತವೆ. ಇಂಥವರಿಗೆ ಸಿಟ್ರಿಕ್ ಆಮ್ಲದ ದ್ರಾವಣವನ್ನು ಡಾಕ್ಟರು ಬರೆದುಕೊಡುವುದುಂಟು. ಇದಕ್ಕೆ ತ್ರೀ-ವೇ ಬೇಕಿಲ್ಲ, ಟು-ವೇ ಸಾಕು. ನನ್ನ ಕೇಳಿದರೆ, ತೊಳೆಯುವುದಕ್ಕಿಂತ ತಾರೀಖು ಬರೆದಿಡುವುದು ಹೆಚ್ಚು ಉಪಯೋಗ. ಎಷ್ಟು ದಿನಕ್ಕೆ ಬ್ಲಾಕ್ ಆಗುತ್ತಿದೆ ಅಂತ ಎರಡು ಮೂರು ಸಲ ಬರೆದರೆ ಒಂದು ಲೆಕ್ಕ ಸಿಗುತ್ತದೆ. ಮೂರು ವಾರಕ್ಕೆ ಮುಚ್ಚುತ್ತದೆ ಅಂತಾದರೆ ಎರಡೂವರೆ ವಾರಕ್ಕೆ ಬದಲಾಯಿಸಿದರಾಯಿತು, ರಾತ್ರಿ ಎಮರ್ಜೆನ್ಸಿಗೆ ಓಡುವುದು ತಪ್ಪುತ್ತದೆ.

ಯಾವ ವಸ್ತು

ಎಷ್ಟು ದಿನ ಇರಬೇಕು ಅನ್ನುವುದೇ ಇಲ್ಲಿ ಮುಖ್ಯ. ಟೆಫ್ಲಾನ್ ಲೇಪದ ಲ್ಯಾಟೆಕ್ಸ್ ಸುಮಾರು ನಾಲ್ಕು ವಾರದವರೆಗೆ. ಹೈಡ್ರೋಜೆಲ್ ಲೇಪದ್ದು ಮತ್ತು ಪೂರ್ತಿ ಸಿಲಿಕೋನ್ 12 ವಾರದವರೆಗೆ. ಇವು ಮೇಲಿನ ಮಿತಿ, ಗುರಿ ಅಲ್ಲ. ಆಪರೇಷನ್ ಆಗಿ ಎರಡು ದಿನಕ್ಕೆ ತೆಗೆಯುವುದಾದರೆ ದುಬಾರಿ ಟ್ಯೂಬಿಗೆ ಅರ್ಥವಿಲ್ಲ.

ಪೂರ್ತಿ ಸಿಲಿಕೋನಿನ ಗೋಡೆ ತೆಳು. ಅದೇ ನಂಬರಿಗೆ ಒಳಗೆ ಜಾಸ್ತಿ ಜಾಗ. ಹಾಗಾಗಿ ಹರಳು ಕಟ್ಟುವವರಲ್ಲಿ ಮುಚ್ಚಲು ಸ್ವಲ್ಪ ಹೆಚ್ಚು ದಿನ ತೆಗೆದುಕೊಳ್ಳುತ್ತದೆ. ಹರಳೇ ಕಟ್ಟದ ವಸ್ತು ಮಾತ್ರ ಇನ್ನೂ ಬಂದಿಲ್ಲ. ಲ್ಯಾಟೆಕ್ಸ್ ಅಲರ್ಜಿ ಇದ್ದವರಿಗೂ ಪೂರ್ತಿ ಸಿಲಿಕೋನಿನದೇ ಸರಿ. ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ ಸರಿಯಾಗಿ ಮುಚ್ಚಿರದ ತೊಂದರೆ) ಇರುವವರಲ್ಲಿ ಈ ಅಲರ್ಜಿ ಹೆಚ್ಚು, ಕೇಳದೆ ಲ್ಯಾಟೆಕ್ಸ್ ಹಾಕಬಾರದು. ಲೇಪ ಇದ್ದರೂ ಒಳಗಿರುವುದು ಲ್ಯಾಟೆಕ್ಸೇ. ಸಿಲಿಕೋನಿಗೂ ಎರಡು ಕೊರತೆ. ಬಲೂನಿನಿಂದ ನೀರು ನಿಧಾನವಾಗಿ ಜಿನುಗಿ ಕಡಿಮೆಯಾಗುತ್ತದೆ, ಟ್ಯೂಬು ಜಾರಬಹುದು. ತೆಗೆಯುವಾಗ ಬಲೂನು ಪೂರ್ತಿ ಚಪ್ಪಟೆಯಾಗದೆ ಸುಕ್ಕುಗಟ್ಟಿ ಉಂಗುರದ ಹಾಗೆ ಉಳಿದು ನೋಯಿಸಬಹುದು. ಸಿರಿಂಜಿನಿಂದ ಜೋರಾಗಿ ಎಳೆಯದೆ ನೀರು ತಾನಾಗಿ ಬರಲು ಬಿಟ್ಟರೆ ಇದು ಕಡಿಮೆ.

ಬೆಳ್ಳಿ ಲೇಪದ್ದು ಸೋಂಕು ತಡೆಯುತ್ತದೆ ಅಂತ ಹೇಳಿ ಮಾರುತ್ತಾರೆ. 2012ರಲ್ಲಿ ಪ್ರಕಟವಾದ, 7,000ಕ್ಕೂ ಹೆಚ್ಚು ರೋಗಿಗಳಿದ್ದ ಬ್ರಿಟನ್ನಿನ ಅಧ್ಯಯನದಲ್ಲಿ ಅಲ್ಪಾವಧಿಗೆ ಹಾಕುವ ಬೆಳ್ಳಿ ಲೇಪದ ಟ್ಯೂಬಿನಿಂದ ಅಂಥ ಲಾಭ ಕಾಣಲಿಲ್ಲ. ನಾನಾದರೆ ಅದಕ್ಕೆ ಹೆಚ್ಚು ದುಡ್ಡು ಕೊಡುವುದಿಲ್ಲ. ಬೇಡವಾದ ದಿನವೇ ಟ್ಯೂಬು ತೆಗೆಸುವುದು ಅದಕ್ಕಿಂತ ಕೆಲಸಕ್ಕೆ ಬರುತ್ತದೆ.

ತುದಿ, ಉದ್ದ, ಬಲೂನು

ತುದಿ ಹೆಚ್ಚಿನವರಿಗೆ ನೇರ ಇದ್ದರೆ ಸಾಕು. ಪ್ರಾಸ್ಟೇಟ್ ದೊಡ್ಡದಾಗಿ ನೇರ ತುದಿ ತಡೆಯುತ್ತಿದ್ದರೆ ತುದಿ ಬಾಗಿರುವ ಟೀಮನ್ ಅಥವಾ ಕುಡೇ. ಬಾಗಿದ ತುದಿ ಹೊಟ್ಟೆಯ ಕಡೆ ಮೇಲಕ್ಕೆ ಮುಖ ಮಾಡಿ ಹೋಗಬೇಕು. ಗಡ್ಡೆಗೆ ಕೂವೆಲೇರ್ ತುದಿ, ಕೊಕ್ಕಿನ ಹಾಗೆ ಕತ್ತರಿಸಿ ಬಾಯಿ ತೆರೆದಿರುತ್ತದೆ.

ಉದ್ದ ಕೇಳಿದರೆ ಸಣ್ಣ ವಿಷಯ, ಎಡವಿದರೆ ದೊಡ್ಡದು. ಗಂಡಸರದ್ದು ಸುಮಾರು 40 ಸೆಂ.ಮೀ., ಹೆಂಗಸರಿಗಂತ ಬರುವ ಗಿಡ್ಡನೆಯದು 20ರಿಂದ 26. ಗಿಡ್ಡನೆಯದನ್ನು ಗಂಡಸಿಗೆ ಹಾಕಿ ಬಲೂನು ಉಬ್ಬಿಸಿದರೆ ಬಲೂನು ಮೂತ್ರಕೋಶಕ್ಕೆ ತಲುಪದೆ ನಾಳದಲ್ಲೇ ಉಬ್ಬುತ್ತದೆ, ನಾಳ ಹರಿದು ರಕ್ತ ಬರುತ್ತದೆ. ಉದ್ದನೆಯದನ್ನು ಹೆಂಗಸಿಗೆ ಹಾಕಿದರೆ ತೊಂದರೆ ಇಲ್ಲ. ಅನುಮಾನ ಇದ್ದರೆ ಉದ್ದನೆಯದೇ ಇರಲಿ.

ಬಲೂನು ಸಾಮಾನ್ಯ ಬಳಕೆಗೆ 10 ಮಿ.ಲೀ. ತ್ರೀ-ವೇಯಲ್ಲಿ ಹೆಚ್ಚಾಗಿ 30. ಆಪರೇಷನ್ ಆದ ಜಾಗದ ಮೇಲೆ ಕೂತು ರಕ್ತ ನಿಲ್ಲಿಸಲಿ ಅಂತ ದೊಡ್ಡದು. ಆ ಕಾರಣ ಇಲ್ಲದಿದ್ದರೆ ದೊಡ್ಡ ಬಲೂನು ಬೇಡ. ಮೂತ್ರ ಟ್ಯೂಬಿನೊಳಕ್ಕೆ ಹೋಗುವ ತೂತು ಬಲೂನಿಗಿಂತ ಮೇಲಿರುತ್ತದೆ. ಬಲೂನು ದೊಡ್ಡದಾದಷ್ಟೂ ಅದರ ಕೆಳಗೆ ನಿಲ್ಲುವ ಮೂತ್ರ ಜಾಸ್ತಿ, ‘ಈಗಲೇ ಹೋಗಬೇಕು’ ಅನ್ನುವ ಒತ್ತಡವೂ ಜಾಸ್ತಿ. ತುಂಬುವುದು ಶುದ್ಧೀಕರಿಸಿದ ನೀರು. ಸಲೈನ್ ತುಂಬಿದರೆ ಉಪ್ಪು ಹರಳಾಗಿ ಸಣ್ಣ ದಾರಿ ಮುಚ್ಚಬಹುದು, ಆಗ ಬಲೂನು ಇಳಿಯುವುದಿಲ್ಲ. ಗಾಳಿ ತುಂಬಿದರೆ ಬಲೂನು ಮೂತ್ರದ ಮೇಲೆ ತೇಲುತ್ತದೆ.

ಫೋಲಿಯೇ ಬೇಕಾ?

ಬರೀ ಮೂತ್ರ ಖಾಲಿಯಾಗದ ತೊಂದರೆ ಇದ್ದು ಕೈ ಆಡಿಸಬಲ್ಲವರಿಗೆ ಒಳಗೇ ಇರುವ ಟ್ಯೂಬಿಗಿಂತ ಆಗಾಗ ಹಾಕಿ ತೆಗೆಯುವುದು ಒಳ್ಳೆಯದು. ಜ್ಯಾಕ್ ಲ್ಯಾಪಿಡೀಸ್ ಎಂಬ ಯೂರಾಲಜಿಸ್ಟ್ 1972ರಲ್ಲಿ ಇದನ್ನು ಮುಂದಿಟ್ಟರು. ಸಾಬೂನಿನಿಂದ ಕೈ ತೊಳೆದು, ಬಲೂನಿಲ್ಲದ ಸಣ್ಣ ಟ್ಯೂಬು ಹಾಕಿ, ಖಾಲಿ ಮಾಡಿ ತೆಗೆಯುವುದು, ದಿನಕ್ಕೆ ನಾಲ್ಕರಿಂದ ಆರು ಸಲ. ಸೋಂಕು ಕಡಿಮೆ, ಬ್ಯಾಗು ಹೊರುವುದಿಲ್ಲ. ಗಡ್ಡೆ, ರಕ್ತ ಇದ್ದಾಗ ಮಾತ್ರ ಇದು ಆಗದು.

ವರ್ಷಗಟ್ಟಲೆ ಬೇಕಾದವರಿಗೆ ಹೊಟ್ಟೆಯ ಕೆಳಭಾಗದಿಂದ ನೇರವಾಗಿ ಮೂತ್ರಕೋಶಕ್ಕೆ ಹಾಕುವ ಟ್ಯೂಬು. ಮೂತ್ರನಾಳಕ್ಕೆ ಪೆಟ್ಟಿಲ್ಲ, ಬದಲಾಯಿಸುವುದು ಸುಲಭ, ವೀಲ್‌ಚೇರಿನಲ್ಲಿ ಕೂರುವವರಿಗೆ ಆರಾಮ. ಆದರೆ ಹಾಕಲು ಸಣ್ಣ ಆಪರೇಷನ್ ಬೇಕು, ಟ್ಯೂಬು ಜಾರಿ ಬಿದ್ದರೆ ದಾರಿ ಬೇಗ ಮುಚ್ಚಿಕೊಳ್ಳುತ್ತದೆ, ತಡ ಮಾಡುವ ಹಾಗಿಲ್ಲ. ಕಾಂಡೋಮ್ ಕ್ಯಾಥೆಟರ್ ತಾನಾಗಿ ಸೋರುವವರಿಗೆ ಸರಿ. ಮೂತ್ರ ಕಟ್ಟಿಕೊಂಡವರಿಗೆ ಅದು ಯಾವ ಸಹಾಯವನ್ನೂ ಮಾಡುವುದಿಲ್ಲ.

ಬ್ಯಾಗು

ಓಡಾಡುವವರಿಗೆ ಕಾಲಿಗೆ ಕಟ್ಟುವ 500–750 ಮಿ.ಲೀ. ಬ್ಯಾಗು, ರಾತ್ರಿಗೆ 2 ಲೀಟರ್, ಸಲೈನ್ ಹಾಯುವಾಗ 4 ಲೀಟರ್. ಯಾವುದೇ ಇರಲಿ, ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದ ಹಾಗೆ. ಟ್ಯೂಬನ್ನು ತೊಡೆಗೆ ಪಟ್ಟಿಯಿಂದ ಹಿಡಿಸಿ, ಇಲ್ಲದಿದ್ದರೆ ತುಂಬಿದ ಬ್ಯಾಗಿನ ಭಾರವೆಲ್ಲ ಬಲೂನಿನ ಮೇಲೆ ಬೀಳುತ್ತದೆ. ಅಂದಹಾಗೆ, ಬಹಳ ದಿನ ಟ್ಯೂಬು ಇರುವವರ ಬ್ಯಾಗು ಕೆಲವೊಮ್ಮೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಮೂತ್ರದಲ್ಲಿ ನೀಲಿ ಮತ್ತು ಕೆಂಪು ಬಣ್ಣ ತಯಾರಿಸುವುದರಿಂದ ಹಾಗಾಗುತ್ತದೆ. ನೋಡಿ ಗಾಬರಿಯಾಗುವಂತಿದ್ದರೂ ಬಣ್ಣದಿಂದ ಅಪಾಯ ಇಲ್ಲ. ಡಾಕ್ಟರಿಗೆ ತಿಳಿಸಿ, ಸಾಕು.

ನಿಜವಾಗಿ ಓಡಬೇಕಾದ್ದು ಬೇರೆ ಗುರುತಿಗೆ: ಮೂತ್ರ ನಿಂತು ಹೊಟ್ಟೆ ಉಬ್ಬಿದರೆ, ಗಡ್ಡೆ ಬರತೊಡಗಿದರೆ, ಚಳಿಜ್ವರ ಬಂದರೆ. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಟ್ಯೂಬು ಬ್ಲಾಕ್ ಆದರೆ ಬಿಪಿ ಇದ್ದಕ್ಕಿದ್ದ ಹಾಗೆ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ. ನಿಮಿಷವೂ ಕಾಯಬಾರದು.

ಟ್ಯೂಬು ಹಾಕಿದ ದಿನ ಪೊಟ್ಟಣದ ಸ್ಟಿಕ್ಕರ್ ಎಸೆಯಲು ಬಿಡಬೇಡಿ, ಕೇಳಿ ತೆಗೆದುಕೊಂಡು ಫೈಲಿಗೆ ಅಂಟಿಸಿ. ಸೈಜು, ಉದ್ದ, ವಸ್ತು, ಎಲ್ಲ ಅದರಲ್ಲಿದೆ. ಪಕ್ಕದಲ್ಲಿ ಹಾಕಿದ ತಾರೀಖು, ಬಲೂನಿಗೆ ತುಂಬಿದ ನೀರು ಎಷ್ಟು ಮಿ.ಲೀ. ಅಂತ ಬರೆದಿಡಿ. ಮುಂದೆ ಬೇರೆ ಊರಿನ ಬೇರೆ ನರ್ಸು ಅದನ್ನು ತೆಗೆಯುವಾಗ 30 ತುಂಬಿದ್ದ ಬಲೂನಿನಿಂದ 10 ಮಾತ್ರ ಎಳೆದು ‘ಖಾಲಿ ಆಯಿತು’ ಅಂದುಕೊಳ್ಳಬಾರದಲ್ಲ.